ಕಿವಿ ಮೇಸ್ತ್ರಿಗೆ ಕೇಳಿಸದ ಕಾರು

ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದಿತ್ತೆಂದಲ್ಲ, ಕೆಟ್ಟ ಕಾರು ಗ್ಯಾರೇಜಿನ ಬಾಗಿಲಿಗೆ ಬಂದು ನಿಲ್ಲುವಷ್ಟರಲ್ಲೇ, ಬಾನೆಟ್ ಎತ್ತುವ ಮೊದಲೇ, ಬರೀ ಸದ್ದು ಕೇಳಿ ಅದರ ರೋಗ ಹೇಳಿಬಿಡುತ್ತಿದ್ದ. ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಕಣ್ಣು ಮುಚ್ಚಿ, ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ ನಿಲ್ಲುವನು. "ಮುಂದಿನ ಬಲಗಡೆ ಬೇರಿಂಗು. ಇವತ್ತೋ ನಾಳೆಯೋ ಕೈಕೊಡತ್ತೆ" ಎಂದರೆ ಮುಗಿಯಿತು, ಬಿಚ್ಚಿ ನೋಡಿದರೆ ಅದೇ. ದೊಡ್ಡ ದೊಡ್ಡ ಕಾರಿನವರು ಗಾಜಿನ ಶೋರೂಮು ಬಿಟ್ಟು ಈ ಎಣ್ಣೆ ಜಿಡ್ಡಿನ ಓಣಿಗೆ ಬರುತ್ತಿದ್ದುದು ಆ ಕಿವಿಗಳನ್ನು ನಂಬಿಕೊಂಡು.

ಅಂಥವನಿಗೆ ಕಿವಿ ಮಂದವಾಗುತ್ತಿದೆ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬುವುದಿಲ್ಲ. ಸದ್ಯಕ್ಕೆ ಅವನನ್ನು ಕಾಪಾಡಿದ್ದು ಅದೇ. ಮೊದಲು ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿಕೊಂಡ. ಆಮೇಲೆ ಬಲಗಿವಿಗೂ ಯಾರೋ ಹತ್ತಿ ತುರುಕಿದಂತಾಯಿತು. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ಸೈ, ಬೆನ್ನ ಹಿಂದೆ ಅಂದದ್ದೆಲ್ಲ ಗಾಳಿಪಾಲು. ಗೊತ್ತಾಗದಿದ್ದಾಗ "ಹೂಂ" ಅಂದುಬಿಡುತ್ತಿದ್ದ. ಈ ಹೂಂ ಎನ್ನುವುದು ಎಂಥ ಉಪಕಾರಿ ಎಂದರೆ, ಅದನ್ನು ನಂಬಿ ಒಬ್ಬ ಮನುಷ್ಯ ಒಂದು ವರ್ಷ ಬದುಕಿಬಿಡಬಹುದು. ಆದರೆ ಎಂಜಿನ್ನಿನ ಮುಂದೆ ಹೂಂ ನಡೆಯುವುದಿಲ್ಲವಲ್ಲ! ಅಲ್ಲಿ ಮೂಗನ್ನೂ ಅಂಗೈಯನ್ನೂ ನಂಬಿ ಹೇಗೋ ದಿನ ದೂಡುತ್ತಿದ್ದ. ಕಿವಿ ಹೋದರೆ ಕೆಲಸ ಹೋಯಿತು, ಹೆಸರೂ ಹೋಯಿತು. ಆ ಭಯವನ್ನು ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದ.

ಹುಟ್ಟಾ ಕುತೂಹಲದ ಪ್ರಾಣಿ ಅವನು. ಕೆಲಸ ಕಲಿಯುವ ಕಾಲದಲ್ಲಿ ಗುರುವಿನಿಂದ ಬೈಸಿಕೊಂಡದ್ದೆಲ್ಲ ಈ ಚಾಳಿಗೇ. ಕಾರು ರಿಪೇರಿಯಾದ ಮೇಲೆ, ಬಿಗಿದ ಬೋಲ್ಟನ್ನು ಮತ್ತೆ ಸಡಿಲಿಸುತ್ತಿದ್ದ! ಯಾಕಪ್ಪಾ ಎಂದರೆ, ಕೆಟ್ಟಾಗ ಅದು ಹೇಗೆ ಕೂಗುತ್ತಿತ್ತು ಎಂದು ಇನ್ನೊಂದು ಸಲ ಕೇಳಿಸಿಕೊಳ್ಳಬೇಕು. ಹಾಗೆ ಕೂಡಿಸಿಕೊಂಡ ಸದ್ದುಗಳಿಂದಲೇ ಅವನ ವಿದ್ಯೆ ಬೆಳೆದದ್ದು.

ಅವನ ಪಕ್ಷ ಜರ್ಮನ್ ಕಾರಿನದು. ಪಕ್ಕದಲ್ಲೇ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಜಪಾನಿನ ಪಕ್ಷ. ಟೀ ಬಂತೆಂದರೆ ಭಾವ-ಬಾಮೈದರ ಜಟಾಪಟಿ ಶುರು.

"ಬಾಗಿಲು ಹಾಕಿ ನೋಡೋ. 'ದಪ್' ಅನ್ನತ್ತೆ. ಬ್ಯಾಂಕಿನ ಲಾಕರು ಮುಚ್ಚಿದ ಹಾಗೆ. ತಿರುವಲ್ಲಿ ಜೋರಾಗಿ ಹೋದ್ರೂ ರಸ್ತೆ ಬಿಡಲ್ಲ. ಅದು ಕಾರು ಅಂದ್ರೆ" ಎಂದು ಭಾವ.

"ಬಾಗಿಲು ಹಾಕೋಕೆ ಯಾರಾದ್ರೂ ಕಾರು ತಗೋತಾರಾ ಭಾವ? ನಿಮ್ಮ ಜರ್ಮನ್ ಸುಂದರಿಗೆ ಒಂದು ಬಲ್ಬು ಬದಲಾಯಿಸ್ಬೇಕು ಅಂದ್ರೆ ಅರ್ಧ ಕಾರು ಬಿಚ್ಬೇಕು. ಸಣ್ಣದೊಂದು ಪ್ಲಾಸ್ಟಿಕ್ ಪೈಪು ಸೀಳಿದ್ರೆ ರಸ್ತೆ ಮಧ್ಯೆ ಆವಿ ಬಿಟ್ಕೊಂಡು ನಿಂತ್ಕೋತಾಳೆ. ಜಪಾನಿ ಕಾರು ನೋಡಿ, ಎಣ್ಣೆ ಬದಲಾಯಿಸಿದ್ರೆ ಸಾಕು, ಕಮಕ್ ಕಿಮಕ್ ಅನ್ನದೆ ದುಡಿಯತ್ತೆ."

"ಗುಮ್ಮನಗುಸಕ ಕಣೋ ಅದು! ಒಳಗೇನಿದೆ ಅಂತ ಬಾಯೇ ಬಿಡಲ್ಲ. ಅದು ಸರಿ, ನಿನ್ನ ಅಂಗಡಿ ನಡೀತಿರೋದು ಯಾರಿಂದ?"

ಬಾಮೈದ ಹಲ್ಲು ಕಿರಿದ. "ಜರ್ಮನ್ನರಿಂದಾನೇ. ಅವರ ಹೊಟ್ಟೆ ತಣ್ಣಗಿರ್ಲಿ. ಆದ್ರೆ ನನ್ನ ದುಡ್ಡಲ್ಲಿ ತಗೊಳ್ಳೋದು ಜಪಾನಿ ಕಾರನ್ನೇ."

ಹೀಗಿರುವಾಗ ಹೆರಿಗೆ ಡಾಕ್ಟ್ರಮ್ಮ ಬಂದರು. ಊರಾಚೆಯ ಆಸ್ಪತ್ರೆಗಳಿಗೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ ತಾವೇ ಕಾರು ಓಡಿಸಿಕೊಂಡು ಹೋಗುವ ಹೆಂಗಸು. ಹಳೆಯ ಕಾರು ಸೋತಿತ್ತು. ಮಾರಾಟದ ದಲ್ಲಾಳಿ ಎರಡು ಸೆಕೆಂಡ್ ಹ್ಯಾಂಡ್ ಕಾರು ತೋರಿಸಿದ್ದ. ಒಂದು ಜರ್ಮನ್, ಒಂದು ಜಪಾನಿ, ಎರಡೂ ಮೇಲ್ದರ್ಜೆಯವು, ಬೆಲೆಯಲ್ಲಿ ಹೆಚ್ಚುಕಡಿಮೆ ಇಲ್ಲ.

"ಎರಡನ್ನೂ ನಾಳೆ ತರ್ತೀನಿ ಮೇಸ್ತ್ರಿ. ನೀವು ಕಿವಿಗೊಟ್ಟು ಕೇಳಿ ಯಾವುದು ಅಂತೀರೋ ಅದು" ಎಂದರು. "ದಾರೀಲಿ ನಿಂತ್ರೆ ನನಗೊಬ್ಬಳಿಗೆ ತೊಂದರೆ ಆಗಲ್ಲ ನೋಡಿ. ಅಲ್ಲಿ ತಾಯಿ-ಮಗು ಎರಡು ಜೀವ ಕಾಯ್ತಿರತ್ತೆ."

ಮೇಸ್ತ್ರಿ ಹೂಂ ಎಂದ.

ಮರುದಿನ ಬೆಳಿಗ್ಗೆ ಟೀಗೆ ಅದ್ದದೆ ಒಣ ರಸ್ಕನ್ನು ಕಡಿಯುತ್ತಿದ್ದವನಿಗೆ ಒಂದು ಸೋಜಿಗ ಹೊಳೆಯಿತು. ಎದುರಿಗೆ ಹೆಂಡತಿ ಏನೋ ಹೇಳುತ್ತಿದ್ದಾಳೆ, ತುಟಿ ಆಡುತ್ತಿದೆ, ಮಾತು ಮಾತ್ರ ಪಿಸಪಿಸ. ಆದರೆ ಬಾಯೊಳಗಿನ ರಸ್ಕು? ಕಲ್ಲು ಒಡೆದಂತೆ ಕಟಕಟ ಎನ್ನುತ್ತಿದೆ! ಜಗತ್ತೆಲ್ಲ ದನಿ ತಗ್ಗಿಸಿರುವಾಗ ಈ ರಸ್ಕಿಗೆ ಮಾತ್ರ ಯಾಕಿಷ್ಟು ಗಂಟಲು? ಇನ್ನೊಂದು ಕಡಿದು ನೋಡಿದ. ಮತ್ತೊಂದು. ಹೆಂಡತಿ ಡಬ್ಬಿಯನ್ನು ಎತ್ತಿ ಆಚೆಗಿಟ್ಟಳು.

ಡಾಕ್ಟ್ರಮ್ಮ ಬಂದಾಗ ಬಾಮೈದನೂ ಅಂಗಡಿ ಬಿಟ್ಟು ಬಂದು ನಿಂತಿದ್ದ. ಬಿಟ್ಟಾನೆಯೇ! ಮೇಸ್ತ್ರಿ ಮೊದಲು ಜರ್ಮನ್ ಕಾರಿನಲ್ಲಿ ಕೂತ. ಅದರದೇನೂ ಕಷ್ಟವಾಗಲಿಲ್ಲ. ಅದು ಬಾಯಿಬಡುಕ ಜಾತಿ. ಕೀಲಿ ತಿರುಗಿಸಿದ್ದೇ ತಡ, ಎದುರಿನ ಫಲಕದಲ್ಲಿ ದೀಪ ಹತ್ತಿಸಿ ತನ್ನ ಕಷ್ಟವನ್ನೆಲ್ಲ ತೋಡಿಕೊಂಡಿತು. ಎಣ್ಣೆ ಒಸರುವ ವಾಸನೆ ಮೂಗಿಗೆ ಬಡಿಯಿತು, ನಡುಕ ಅಂಗೈಗೆ ತಿಳಿಯಿತು. ಕಿವಿಯ ಹಂಗೇ ಬೇಕಾಗಲಿಲ್ಲ.

ಆಮೇಲೆ ಜಪಾನಿ ಕಾರು. ಹಳೆಯ ಮಾದರಿ, ಕೀಲಿಯದು. ತಿರುಗಿಸಿದ. ಏನೂ ಇಲ್ಲ. ಸದ್ದಿಲ್ಲ, ನಡುಕವಿಲ್ಲ, ಸೀಟು ಸೋಫಾದಂತೆ ಸುಮ್ಮನಿದೆ. ಸ್ಟಾರ್ಟ್ ಆಗಿಲ್ಲವೆಂದುಕೊಂಡು ಇನ್ನೊಮ್ಮೆ ತಿರುಗಿಸಿದ. ಕೀಲಿ ಕೈಯಲ್ಲಿ ಕಟಕ್ಕನೆ ಅದುರಿತು. ತಲೆಯೆತ್ತಿ ನೋಡಿದರೆ ಬಾಮೈದ ಎರಡೂ ಕಿವಿ ಮುಚ್ಚಿಕೊಂಡಿದ್ದಾನೆ. ಓಡುತ್ತಿರುವ ಎಂಜಿನ್ನನ್ನೇ ಮತ್ತೆ ಸ್ಟಾರ್ಟ್ ಮಾಡಿ ಕರ್ರೆನ್ನಿಸಿದ್ದ ಕಿವಿ ಮೇಸ್ತ್ರಿ! ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಮಾಡುವ ತಪ್ಪು.

ಇನ್ನು ಮುಗಿಯಿತು ಎಂದುಕೊಂಡ. ಆದರೆ ನೋಡಿ ವಿಚಿತ್ರ, ಬಾಮೈದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನೋಡಿದ್ರಾ ಡಾಕ್ಟ್ರಮ್ಮ? ಕಿವಿ ಮೇಸ್ತ್ರಿಗೇ ಕೇಳಿಸ್ಲಿಲ್ಲ! ಜಪಾನಿ ಎಂಜಿನ್ ಅಂದ್ರೆ ಇದು! ಭಾವ, ಈಗ್ಲಾದ್ರೂ ಸೋತೆ ಅನ್ನಿ!"

ಡಾಕ್ಟ್ರಮ್ಮನೂ ನಕ್ಕರು. "ಸರಿ, ನಿಮಗೇ ಕೇಳಿಸ್ಲಿಲ್ಲ ಅಂದ್ಮೇಲೆ ಇದರಲ್ಲಿ ದೋಷ ಎಲ್ಲಿಂದ ಬರ್ಬೇಕು? ಇದನ್ನೇ ತಗೋತೀನಿ."

ಅಬ್ಬಾ! ಬದುಕಿಕೊಂಡ. ಅವನ ಕಿವಿಯ ಕೊರತೆ ಕಾರಿನ ಗುಣವಾಗಿ ಲೆಕ್ಕಕ್ಕೆ ಬಂದಿತ್ತು. ಒಂದು ಹೂಂ ಅಂದುಬಿಟ್ಟರೆ ಹೆಸರು ಉಳಿಯುತ್ತದೆ, ಎಲ್ಲರೂ ಟೀ ಕುಡಿದು ಮನೆಗೆ ಹೋಗುತ್ತಾರೆ. ಆ ಹೂಂ ತುಟಿಯವರೆಗೂ ಬಂದಿತ್ತು. ಬಂದು ಅಲ್ಲೇ ನಿಂತಿತು. ಎರಡು ಜೀವ ಕಾಯುತ್ತಿರುತ್ತದೆ ಅಂದಿದ್ದರಲ್ಲ. ಅದರ ಜೊತೆಗೆ ಅವನ ಹಳೆಯ ರೋಗವೂ ಕೆರಳಿತು: ಈ ಕಾರು ಸದ್ದು ಮಾಡುತ್ತಿಲ್ಲವೋ, ಇಲ್ಲಾ ನನಗೆ ಕೇಳಿಸುತ್ತಿಲ್ಲವೋ? ಇದು ಗೊತ್ತಾಗದೆ ಅನ್ನ ಹೇಗೆ ಇಳಿದೀತು!

"ಒಂದು ನಿಮಿಷ" ಎಂದು ಬಾನೆಟ್ ಎತ್ತಿದ. ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡ. ಮೆಕ್ಯಾನಿಕ್‌ಗಳೆಲ್ಲ ಮಾಡುವ ಕೆಲಸ ಅದು. ಎಲ್ಲೋ ದೂರದ ಗುನುಗು, ಅಷ್ಟೇ. ಆಗ ರಸ್ಕು ನೆನಪಾಯಿತು. ಬಾಗಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡ.

"ಭಾವ, ಹಸಿವಾದ್ರೆ ಹೇಳಬಾರ್ದಾ?" ಎಂದ ಬಾಮೈದ.

ಮೇಸ್ತ್ರಿಗೆ ಅದು ಕೇಳಿಸಲಿಲ್ಲ. ಅವನ ತಲೆಬುರುಡೆಯ ತುಂಬ ಎಂಜಿನ್ನು ತುಂಬಿಕೊಂಡಿತ್ತು! ವಾಲ್ವುಗಳ ಟಿಕಟಿಕ, ಪಂಪಿನ ಗುಂಯ್, ಬೆಲ್ಟಿನ ಓಟ. ಎಷ್ಟೋ ಕಾಲದ ಮೇಲೆ ಎಲ್ಲವೂ ಒಂದೊಂದಾಗಿ, ಬಿಡಿಬಿಡಿಯಾಗಿ ಕೇಳಿಸಿದವು. ಖುಷಿಗೆ ಕಣ್ಣು ತುಂಬಿತು. ತುದಿಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸರಿಸುತ್ತ, ಹೊಸ ಕೆಲಸಗಾರನ ಹಾಗೆ ಮೈಮರೆತು ಕೇಳಿದ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಲ್ಲಿಯ ಬೋಲ್ಟಿಗೆ ಬಂದಾಗ ಮುಖ ಬದಲಾಯಿತು. ಒಳಗೆ ಮರಳು ತಿರುವಿದಂತೆ ಗರಗರ. ಬೇರಿಂಗ್ ಸವೆದಿತ್ತು. ಮೊದಲಿನ ಕಿವಿಯಿದ್ದಿದ್ದರೆ ಬಾಗಿಲಲ್ಲೇ ಹಿಡಿಯುತ್ತಿದ್ದ. ಇದು ಕಚ್ಚಿಕೊಂಡರೆ ಬೆಲ್ಟು ಹೋಗುತ್ತದೆ, ಬೆಲ್ಟು ಹೋದರೆ ಕಾರು ನಡುದಾರಿಯಲ್ಲಿ ಕೂರುತ್ತದೆ.

ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು ಒರೆಸಿದ. "ಡಾಕ್ಟ್ರಮ್ಮ, ಕಾರು ಮಾತಾಡ್ತಾನೇ ಇದೆ. ನನಗೇ ಕಿವಿ ಕೇಳಿಸ್ತಿಲ್ಲ. ಒಂದು ವರ್ಷ ಆಯ್ತು. ಯಾರಿಗೂ ಹೇಳಿಲ್ಲ."

ಬಾಮೈದನ ನಗು ಹಾಗೇ ಆರಿಹೋಯಿತು.

ಡಾಕ್ಟ್ರಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಅವರಿಗೂ ಕುತೂಹಲ ಕೆರಳಿತ್ತು. ಎದುರಿಗೆ ಬಂದು ಗಟ್ಟಿಯಾಗಿ ಕೇಳಿದರು. "ಹಲ್ಲಲ್ಲಿ ಕಚ್ಚಿದ್ರೆ ಕೇಳಿಸ್ತಾ? ಸ್ಪಷ್ಟವಾಗಿ?"

"ಮೊದಲಿಗಿಂತ ಚೆನ್ನಾಗಿ!"

"ಹಾಗಾದ್ರೆ ಸದ್ದು ಮೂಳೆಯ ಮೂಲಕ ಒಳಗೆ ಹೋಗ್ತಿದೆ. ಒಳಗಿನ ನರ ಚೆನ್ನಾಗೇ ಇರ್ಬಹುದು ಮೇಸ್ತ್ರಿ, ಹೊರಗಿನ ದಾರಿ ಕಟ್ಟಿರ್ಬಹುದು. ನನ್ನ ವಿದ್ಯೆ ಅಲ್ಲ ಇದು. ಕಿವಿ ಡಾಕ್ಟರನ್ನ ನೋಡಿ. ಎಷ್ಟೋ ಜನಕ್ಕೆ ಸರಿಹೋಗತ್ತೆ. ಇಷ್ಟು ದಿನ ಯಾಕೆ ಸುಮ್ಮನಿದ್ರಿ?" ಆಮೇಲೆ ಕಾರುಗಳ ಕಡೆ ಕೈ ತೋರಿಸಿ, "ಈಗ ಹೇಳಿ, ಯಾವುದು ತಗೊಳ್ಲಿ?" ಎಂದರು.

ಮೇಸ್ತ್ರಿ ತಲೆ ಕೆರೆದುಕೊಂಡ. "ಓಡಿಸೋ ಸುಖಕ್ಕೆ ಜರ್ಮನ್ ಕಾರೇ. ಆ ಮಾತು ಬಿಡಲ್ಲ. ಆದ್ರೆ ಅದನ್ನ ದಿನಾ ವಿಚಾರಿಸ್ಕೋಬೇಕು, ನಿಮಗೆಲ್ಲಿ ಪುರುಸೊತ್ತು? ಇದರ ಬೇರಿಂಗ್ ಬದಲಾಯಿಸಿಕೊಡ್ತೀನಿ, ಇದನ್ನೇ ತಗೊಳ್ಳಿ. ಒಂದು ಮಾತು, ಸದ್ದಿಲ್ಲ ಅಂತ ನಂಬಿ ಕೂರ್ಬೇಡಿ. ಆಗಾಗ ತಂದು ತೋರಿಸ್ತಿರಿ. ಇದು ತಾನಾಗಿ ಹೇಳ್ಕೊಳ್ಳಲ್ಲ."

ಬಾಮೈದ ಗೆದ್ದೆನೆಂದು ಕುಣಿಯಲಿಲ್ಲ. ಬೇರಿಂಗ್ ತರಲು ಅಂಗಡಿಗೆ ಹೋದ.

ಸಂಜೆ ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಮೇಸ್ತ್ರಿ ಅವಳೆದುರು ಕೂತು ಎಲ್ಲ ಹೇಳಿದ. ಅವಳ ಕೈ ನಿಂತಿತು. ತುಟಿ ಆಡಿತು, ಅವನಿಗೆ ತಿಳಿಯಲಿಲ್ಲ. ಹೂಂ ಅನ್ನುವ ಅಭ್ಯಾಸ ಮುನ್ನುಗ್ಗಿತು. ಅದನ್ನು ನುಂಗಿ, "ಇರು" ಎಂದು ಹತ್ತಿರ ಸರಿದು, ತನ್ನ ಹಣೆಯನ್ನು ಅವಳ ಹಣೆಗೆ ಒತ್ತಿದ. "ಈಗ ಹೇಳು."

"ಏನ್ರೀ ಇದು ಅವತಾರ! ಬಾಗಿಲು ತೆಗೆದಿದೆ!"

ಕೇಳಿಸಿತು! ಅವಳ ದನಿಯೇ, ಆ ರೇಗಾಟದ ಸಮೇತ, ನೇರ ತಲೆಯೊಳಗೆ. "ಇನ್ನೂ ಹೇಳು, ಇನ್ನೂ ಹೇಳು" ಎಂದು ನಕ್ಕ.

"ಏನ್ ಹೇಳ್ಲಿ? ಒಂದು ವರ್ಷದಿಂದ ನೀವು ತಿರುಗಿ ಮಾತಾಡ್ತಿರ್ಲಿಲ್ಲ. ನನ್ನ ಗಂಡ ತಣ್ಣಗಾಗಿದಾರೆ, ಏನಂದ್ರೂ ಸಮಾಧಾನವಾಗಿ ಕೇಳ್ಕೋತಾರೆ, ಬಂಗಾರದಂಥ ಮನುಷ್ಯ ಆಗಿದಾರೆ ಅಂತ ಕಂಡಕಂಡವರ ಹತ್ರ ಹೇಳ್ಕೊಂಡು ಬಂದೆ." ಅವಳು ನಗಲು ನೋಡಿದಳು, ಆಗಲಿಲ್ಲ. "ಅಮ್ಮ ಹೋದ ಮೇಲೆ, ನಂಗಿನ್ನು ಯಾರೂ ಇಲ್ಲ ಅನ್ನಿಸತ್ತೆ ಕಣ್ರೀ ಅಂತ ಒಂದು ದಿನ ಹೇಳ್ಕೊಂಡು ಅತ್ತುಬಿಟ್ಟೆ. ನೀವು ಬೆನ್ನು ತಿರುಗಿಸಿ ಶರ್ಟು ಹಾಕ್ಕೋತಿದ್ರಿ. ಹೂಂ ಅಂದ್ರಿ, ಕೆಲಸಕ್ಕೆ ಹೋದ್ರಿ."

ಮೇಸ್ತ್ರಿಯ ನಗು ನಿಂತಿತು. ಆ ದಿನ ಯಾವುದೆಂದು ಹುಡುಕಿದ, ಸಿಗಲಿಲ್ಲ. ನಾಚಿಕೆಯಾಯಿತು, ಸಂಕಟವಾಯಿತು. ಹಣೆಯನ್ನು ಮಾತ್ರ ಕದಲಿಸಲಿಲ್ಲ.

"ಅದನ್ನ ಇನ್ನೊಂದು ಸಲ ಹೇಳು" ಎಂದ. "ಮೊದಲಿಂದ ಹೇಳು."