ಜೋಗೇಶ್ವರಿಯ ಅಚ್ಚಿನ ಗುರುಗಳು

ನನ್ನ ಗಂಡ ಹಿರಿಯಣ್ಣನವರಿಗೆ ಯಾರನ್ನು ಕಂಡರೂ ತಾತ್ಸಾರ. ವಿಮಾ ಕಂಪನಿಯಲ್ಲಿ ಜೀವಮಾನವಿಡೀ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿ ಸಂಬಳ ತಂದವರು. ನಿವೃತ್ತರಾದ ಮೇಲೆ ಹುಡುಕಲು ತಪ್ಪು ಸಿಗದೆ ಚಡಪಡಿಸಿದರು. ಆಗ ಧಾರಾವಿಯಲ್ಲಿ ಮುಚ್ಚುತ್ತಿದ್ದ ಪ್ರೆಸ್ಸೊಂದರಿಂದ, ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಯಂತ್ರವನ್ನೂ ಕನ್ನಡದ ಅಚ್ಚುಮೊಳೆಗಳನ್ನೂ ಗುಜರಿಗೆ ಹೋಗುವ ಮೊದಲೇ ಎತ್ತಿಕೊಂಡು ಬಂದರು. ಅಲ್ಲಿ ಯಂತ್ರ ನಡೆಸುತ್ತಿದ್ದ ಐತ ಎಂಬವನ ಬೆನ್ನುಬಿದ್ದು ಕೆಲಸ ಕಲಿತರು. ಚೆನ್ನಾಗಿಯೇ ಕಲಿತರು, ಅದನ್ನು ಇಲ್ಲವೆನ್ನಲಾರೆ.

ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಜಾಗದಲ್ಲಿ ಆ ಯಂತ್ರವನ್ನಿಟ್ಟು ಮುದ್ರಣ ಸಂಗ್ರಹಾಲಯ ಶುರುವಾಯಿತು. ನಡೆಸುವವರೆಲ್ಲ ಇವರಂಥ ನಿವೃತ್ತರೇ, ಸಂಬಳವಿಲ್ಲದ ಸ್ವಯಂಸೇವಕರು. ಭಾನುವಾರ ಬರುವುದು, ಚಹಾ ಕುಡಿಯುವುದು, ಯಂತ್ರದ ಮುಂದೆ ಫೋಟೊ ತೆಗೆಸಿಕೊಳ್ಳುವುದು, ಪರಂಪರೆ ಉಳಿಸಿದೆವೆಂದು ಬೀಗುತ್ತ ಲೋಕಲ್ ಹಿಡಿದು ಮನೆಗೆ ಹೋಗುವುದು. ಕೈಗೆ ಶಾಯಿ ಹತ್ತಿಸಿಕೊಂಡವರು ಅವರಲ್ಲಿ ಒಬ್ಬರೂ ಇಲ್ಲ. ಚಹಾ ಮಾಡುವವಳು ನಾನು.

ಕಲಿಸುವುದೆಲ್ಲ ಇವರ ಪಾಲಿಗೆ. ಕಲಿಯಲು ಬಂದವರಿಗೆ ಮೊದಲು ತಿಂಗಳುಗಟ್ಟಲೆ ಒಂದೇ ಕೆಲಸ: ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ, ಒರೆಸಿ, ಒಂದೊಂದನ್ನೂ ಅದರದರ ಖಾನೆಗೆ ಹಾಕುವುದು. ಒಂದು ತಪ್ಪಿದರೂ, "ಮನೇಲಿ ಸಕ್ಕರೆ ಡಬ್ಬಕ್ಕೆ ಉಪ್ಪು ಸುರೀತೀಯೇನಯ್ಯಾ?" ಎಂದು ಎಲ್ಲರೆದುರು ಮಾನ ಹರಾಜು ಹಾಕುತ್ತಿದ್ದರು. ಬಂದವರು ಎರಡನೆಯ ಭಾನುವಾರಕ್ಕೇ ಮಾಯ. ಈಗಿನವರಿಗೆ ತಾಳ್ಮೆಯೇ ಇಲ್ಲವೆಂದು ಮನೆಯಲ್ಲಿ ನನ್ನ ಮುಂದೆ ಗೊಣಗಾಟ.

ಉಳಿದವಳು ಲಾವಣ್ಯಾ ಒಬ್ಬಳೇ. ಪವಾಯಿಯಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರ ಮಗಳು. ಮಾತು ಅರ್ಧ ಹಿಂದಿ, ಬೆರಳಿಗೆಲ್ಲ ಉಂಗುರ. ಯಂತ್ರದ ಹತ್ತಿರ ಬರುವಾಗ ಮಾತ್ರ ಅವನ್ನು ಬಿಚ್ಚಿಡುತ್ತಿದ್ದಳು. ಎಷ್ಟು ಬೈದರೂ ಮರುವಾರ ಹಾಜರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಇವರಷ್ಟೇ ಚೆನ್ನಾಗಿ ಅಚ್ಚು ಹಾಕತೊಡಗಿದಳು. ಅದು ಇವರಿಗೆ ಹಿಡಿಸಿತೆಂದು ನನಗನ್ನಿಸುವುದಿಲ್ಲ.

ಅಕ್ಷರ ಹಾಳೆಯ ಮೇಲೆ ಹಗುರವಾಗಿ ಕೂರಬೇಕು, ಹಿಂಬದಿಗೆ ಬೆರಳಾಡಿಸಿದರೆ ಉಬ್ಬು ಸಿಗಬಾರದು ಎಂಬುದು ಇವರ ಶಾಸ್ತ್ರ. ಒತ್ತಿ ಹೊಡೆದರೆ ಮೊಳೆ ಸವೆಯುತ್ತದೆ, ಹೊಸದಾಗಿ ಎರಕ ಹೊಯ್ಯುವವರು ಈಗ ಸಿಗುವುದಿಲ್ಲ. ಆದರೆ ಈಗಿನ ಜನಕ್ಕೆ ದಪ್ಪ ಕಾಗದದಲ್ಲಿ ಕುಳಿ ಬಿದ್ದರೇ ಚೆಂದ. ಲಾವಣ್ಯಾ ಗೆಳತಿಯ ಮದುವೆಗೆ ಅಂಥ ಕಾರ್ಡು ಮಾಡಿ ಖುಷಿಯಿಂದ ತಂದು ತೋರಿಸಿದಳು.

"ಇದೇನು, ಚಪಾತಿ ಹಿಟ್ಟಿಗೆ ಹೆಬ್ಬೆಟ್ಟು ಒತ್ತಿದ್ದೀಯಾ?"

"ನಮ್ಮ ಮೊಳೆ ಮುಟ್ಟಲೇ ಇಲ್ಲ ಸರ್, ಪ್ಲಾಸ್ಟಿಕ್ ಪ್ಲೇಟ್ ಹಾಕಿದ್ದು. ಆಜ್‌ಕಲ್ ಸಬ್‌ಕೋ ಯಹೀ ಚಾಹಿಯೇ."

"ಜನ ಕೇಳಿದ್ದು ಮಾಡೋದಾದ್ರೆ ನಿಮ್ಮಪ್ಪನ ಹೋಟೆಲಿಗೆ ಹೋಗಿ ಇಡ್ಲಿ ಬೇಯಿಸು. ಇಲ್ಲಿಗೆ ಬರ್ಬೇಡ."

ಹುಡುಗಿ ಉಂಗುರ ಹಾಕಿಕೊಂಡು ಹೊರಟೇಹೋದಳು.

ಅದೇ ವರ್ಷ ಇವರ ಕಣ್ಣು ಕೈಕೊಟ್ಟಿತು. ನೇರ ನೋಡಿದ್ದೆಲ್ಲ ಮಸುಕು. ಹೋದ ದೃಷ್ಟಿ ಮರಳುವುದಿಲ್ಲವೆಂದರು ಡಾಕ್ಟರು. ಯಂತ್ರದ ಬಾಯಿಗೆ ಬೆರಳು ಸಿಕ್ಕುವುದು ಸ್ವಲ್ಪದರಲ್ಲಿ ತಪ್ಪಿತು. ಇನ್ನು ಯಂತ್ರ ಓಡಬೇಕಾದರೆ ಬೇರೆ ಕೈ ಬೇಕು. ಸ್ವಯಂಸೇವಕರು ಸಭೆ ಸೇರಿದರು. ಅಧ್ಯಕ್ಷ ಸದಾನಂದ, ಬ್ಯಾಂಕಿನಿಂದ ನಿವೃತ್ತರಾದವರು, ಕನ್ನಡಕ ಒರೆಸುತ್ತ ಕೇಳಿದರು:

"ಲಾವಣ್ಯಾನ್ನ ವಾಪಸ್ ಕರೆಯುವಾ ಮಾರಾಯ್ರೇ? ಇಲ್ಲದಿದ್ದರೆ ಮೆಷಿನ್ನಿಗೆ ಗಾಜು ಹಾಕಿಸಿ ಶೋಗೆ ಇಡುವಾ."

ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಇವರು ಕರೀರಿ ಎಂದಿದ್ದರೆ ಸಾಕಿತ್ತು.

"ಗಾಜು ಹಾಕ್ಸಿ," ಎಂದರು ನಮ್ಮವರು.

ಆ ಮಹಾನುಭಾವರೆಲ್ಲ ಚಪ್ಪಾಳೆ ತಟ್ಟಿದರು. ಗಾಜಿನೊಳಗಿದ್ದರೆ ಧೂಳು ಒರೆಸುವ ಕಷ್ಟವೂ ಇಲ್ಲವಲ್ಲ! ನನಗೆ ಹೇಸಿಗೆಯಾಯಿತು.

ಗಾಜಿನವರು ಬರುವ ಮೊದಲು ನಾನೇ ಲಾವಣ್ಯಾಗೆ ಫೋನ್ ಮಾಡಿ, ಒಂದು ಸಲ ಬಂದು ನೋಡಿಕೊಂಡು ಹೋಗಮ್ಮ ಎಂದೆ. ಬಂದಳು. ಸೀಮೆಎಣ್ಣೆಯಲ್ಲಿ ಶಾಯಿ ಒರೆಸಿದಳು, ಕೀಲುಗಳಿಗೆಲ್ಲ ಎಣ್ಣೆ ಬಿಟ್ಟಳು. ಮೊಳೆಗೆ ಶಾಯಿ ಸವರುವ ರಬ್ಬರ್ ರೋಲರ್‌ಗಳನ್ನು ನಿಂತ ಯಂತ್ರದಲ್ಲಿ ಹಾಗೇ ಬಿಟ್ಟರೆ ಒಂದೇ ಕಡೆ ಒತ್ತಿ ಚಪ್ಪಟೆಯಾಗಿ ಹಾಳಾಗುತ್ತವೆ. ಹಾಗೆ ಬಿಟ್ಟದ್ದಕ್ಕೆ ಇವರು ಅವಳನ್ನೇ ಎಷ್ಟು ಸಲ ಅಳಿಸಿದ್ದರೋ!

"ಸರ್, ರೋಲರ್ ತೆಗೆದಿಡ್ಲಾ?"

"ಬಿಡು, ಇರ್ಲಿ. ನೋಡೋರಿಗೆ ತುಂಬಿದ ಹಾಗೆ ಕಾಣ್ಬೇಕು," ಎಂದು ಇವರು ಸದಾನಂದರ ಜೊತೆ ಹೊರಗೆ ಹೋದರು.

ಇಷ್ಟು ವರ್ಷ ಲೋಕವನ್ನೆಲ್ಲ ಉಗಿದದ್ದು ಕೊನೆಗೆ ಈ ಮಾತಾಡುವುದಕ್ಕೆ! ನಾನು ಅವರ ಸಿಟ್ಟಿಗೆ ಮರ್ಯಾದೆ ಕೊಟ್ಟೇ ಬಾಳಿದವಳು. ಆ ಮರ್ಯಾದೆ ಅಲ್ಲೇ ಹೋಯಿತು.

"ತೆಗಿಯಮ್ಮ," ಎಂದೆ. "ತಗೊಂಡು ಹೋಗು."

"ಆಂಟಿ, ಸರ್‌ಗೆ ಗೊತ್ತಾದ್ರೆ?"

"ಗೊತ್ತಾಗ್ಲಿ."

ಅವಳು ಇಂಥದೇ ಇನ್ನೊಂದು ಯಂತ್ರವನ್ನು ಗುಜರಿಯಲ್ಲಿ ಹುಡುಕಿ, ರೋಲರ್ ಸಿಗದೆ ಸುಮ್ಮನೆ ಇಟ್ಟುಕೊಂಡಿದ್ದಳಂತೆ. ಈಗ ಹೋಟೆಲಿನ ಹಿಂದಿನ ಕೋಣೆಯಲ್ಲಿ ಅದು ಓಡುತ್ತಿದೆ, ಕಲಿಯುವವರೂ ಇದ್ದಾರೆ.

ಇಲ್ಲಿ ಜೋಗೇಶ್ವರಿಯಲ್ಲಿ ಶಾಲೆಯ ಮಕ್ಕಳು ಸಾಲಾಗಿ ಬಂದು ಗಾಜಿನ ಮುಂದೆ ನಿಲ್ಲುತ್ತಾರೆ. ಇವರು ಕೋಲು ಹಿಡಿದು, ತಮ್ಮ ಮೈಸೂರು ಹಿಂದಿಯಲ್ಲಿ, ಈ ರೋಲರ್‌ಗಳೇ ಯಂತ್ರದ ಪ್ರಾಣ ಎಂದು ಬರಿಯ ಜಾಗವನ್ನು ತೋರಿಸುತ್ತಾರೆ. ಪಕ್ಕದಲ್ಲಿ ಸದಾನಂದ ಹೌದೌದೆಂದು ತಲೆಯಾಡಿಸುತ್ತಾರೆ. ಟೀಚರು ಫೋಟೊ ಹೊಡೆಯುತ್ತಾರೆ. ಗಾಜು ಹಾಕಿ ವರ್ಷ ದಾಟಿತು. ರೋಲರ್ ಎಲ್ಲಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.