ಒಂದು ಬೆಳಗಿನ ಸಿರಿವಂತರು

ಬಸ್ಸಿಳಿದು ಓಡೋಡಿ ಬಂದವಳು ನಮ್ಮ ಮನೆಯ ಮುಂದೆ ನಿಂತು ಕಕ್ಕಾಬಿಕ್ಕಿಯಾದೆ. ಬಾಗಿಲ ಪಕ್ಕದಲ್ಲಿ ಹೊಸ ಮೋಟಾರ್ ಸೈಕಲ್ಲು. ಒಳಗೆ ಕಡುಗೆಂಪು ಬಣ್ಣದ ಸೋಫಾ. ಗೂಟಕ್ಕೆ ಹಳೇ ಅಂಗಿ ತೂಗುತ್ತಿದ್ದ ಗೋಡೆಯ ಮೇಲೆ ದೊಡ್ಡ ಟೀವಿ. ಅಡುಗೆಮನೆಯ ಬಾಗಿಲಿಗೆ ಅರ್ಧ ಅಡ್ಡವಾಗಿ ಒಂದು ಫ್ರಿಜ್ಜು. ಅದರ ವೈರು ಯಾವ ಪ್ಲಗ್ಗಿಗೂ ಸೇರದೆ ನೆಲದ ಮೇಲೆ ಬಿದ್ದಿತ್ತು. ಅಪ್ಪ ಮದುವೆಗಳಿಗೆಂದು ಎತ್ತಿಟ್ಟ ಬಿಳಿ ಪಂಚೆ ಉಟ್ಟು, ಸೋಫಾ ಎಲ್ಲಿ ಮಾಸುತ್ತದೋ ಎಂಬಂತೆ ತುದಿಯಲ್ಲಿ ಕೂತಿದ್ದ. ಎದುರಿನ ಕುರ್ಚಿಯಲ್ಲಿ ಬೆಂಗಳೂರಿನ ಟ್ರಸ್ಟಿನಿಂದ ಬಂದ ಮೇಡಂ. 

ಆ ಮೇಡಂ ನಾವು ಎಷ್ಟು ಬಡವರೆಂದು ನೋಡಲು ಬಂದಿದ್ದರು.

ನಮ್ಮೂರು ಆಂಧ್ರದ ಗಡಿಯೊಳಗೆ, ರಾಯದುರ್ಗಕ್ಕೂ ಡಿ. ಹಿರೇಹಾಳಿಗೂ ನಡುವೆ. ಅಪ್ಪನಿಗೆ ಒಂದಿಷ್ಟು ಕುರಿ, ಮಳೆ ಬಂದರೆ ಶೇಂಗಾ ಬೆಳೆಯುವ ಒಂದು ತುಂಡು ಹೊಲ, ಉಳಿದ ದಿನ ಬಳ್ಳಾರಿ ಕಡೆ ಕೂಲಿ. ಅವ್ವ ರಾಯದುರ್ಗದ ಪ್ಯಾಂಟು ಹೊಲಿಸುವವರಿಂದ ಬಟ್ಟೆ ತಂದು ಮನೆಯಲ್ಲೇ ಜೇಬು ಹೊಲಿಯುತ್ತಾಳೆ. ಅವಳು ಮಡಕಶಿರಾ ಕಡೆಯವಳು. ಇಷ್ಟು ವರ್ಷ ಈ ಕಡೆ ಬಾಳಿದರೂ ಅವಳ ಮಾತು ಮಾತ್ರ ತವರಿನದೇ, ಓಣಿಯವರು ಇವತ್ತಿಗೂ ಅಣಕಿಸಿ ನಗುತ್ತಾರೆ.

ನಾನು ಓದಿದ್ದು ಕೃಷಿ. ಓಬಳಾಪುರದ ಕಡೆ ಹೋದರೆ ಗಣಿ ಅಗೆದ ಕೆಂಪು ನೆಲ ಕಾಣುತ್ತದೆ. ಅಂಥ ನೆಲದಲ್ಲಿ ಮತ್ತೆ ಹುಲ್ಲು, ಗಿಡ ಬೆಳೆಸುವುದು ಹೇಗೆಂದು ಕಲಿಯುವ ಹುಚ್ಚು ನನಗೆ. ಅದನ್ನು ಕಲಿಸುವ ವಿಶ್ವವಿದ್ಯಾಲಯ ಜರ್ಮನಿಯಲ್ಲಿತ್ತು. ಅರ್ಜಿ ಹಾಕಿದೆ, ಸೀಟು ಸಿಕ್ಕಿಯೇ ಬಿಟ್ಟಿತು. ಫೀಸು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಂದು ವರ್ಷ ಉಂಡುಟ್ಟು ಇರುವಷ್ಟು ದುಡ್ಡನ್ನು ಮೊದಲೇ ಖಾತೆಯಲ್ಲಿ ಕಟ್ಟಿ ತೋರಿಸಬೇಕು, ಆಮೇಲೇ ವೀಸಾ. ಇದನ್ನು ಕೇಳಿ ಅಪ್ಪ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ.

“ಉಣ್ಣಾಕ ಕುಂದ್ರೂಕಿಂತ ಮುಂಚೇನ ವರ್ಷದ ಊಟದ ರೊಕ್ಕ ಕಟ್ಟಬೇಕಾ? ಎಂಥಾ ಖಾನಾವಳಿ ಯವ್ವಾ ಅದು!”

ಇಬ್ಬರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರು ನನ್ನ ಅಂಕಪಟ್ಟಿ ನೋಡಿ ಮೆಚ್ಚಿಕೊಂಡರು, ಟೀ ತರಿಸಿದರು. ಆಮೇಲೆ ಅಪ್ಪನ ಕಡೆ ತಿರುಗಿ ತೆಲುಗಿನಲ್ಲಿ, ಷ್ಯೂರಿಟಿಗೆ ತೋರಿಸಲು ನಿಮ್ಮ ಹತ್ತಿರ ಏನಿದೆ ಎಂದು ಕೇಳಿದರು. ಹೊಲ ಇನ್ನೂ ಅಣ್ಣತಮ್ಮಂದಿರ ಜಂಟಿಯಲ್ಲಿದೆ. ಮನೆ ಇರುವ ಜಾಗಕ್ಕೆ ಪಟ್ಟಾ ಇಲ್ಲ. ಅಪ್ಪ ಸುತ್ತಮುತ್ತ ನೋಡಿ, ಕೊನೆಗೆ ನನ್ನ ಕಡೆ ಕೈ ತೋರಿಸಿದ. ಮ್ಯಾನೇಜರು ಒಳ್ಳೆಯವರು, ನಗಲಿಲ್ಲ. ಕೊಡಲೂ ಇಲ್ಲ. ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದ: “ತೋರ್ಸಾಕ ಏನರ ಇರಬೇಕವ್ವ. ಬರಿಗೈಯಾಗ ಹೋದ್ರ ಯಾರೂ ಕೊಡಂಗಿಲ್ಲ.”

ನಮ್ಮ ಕಾಲೇಜಿನ ಉಪನ್ಯಾಸಕರೊಬ್ಬರು ಈ ಟ್ರಸ್ಟಿನ ದಾರಿ ತೋರಿಸಿದರು. ತೀರಾ ಇಲ್ಲದ ಮನೆಯ ಹೆಣ್ಣುಮಕ್ಕಳಿಗೆ ಹೊರದೇಶದ ಓದಿನ ಪೂರ್ತಿ ಖರ್ಚು ಕೊಡುತ್ತಾರಂತೆ. ಅರ್ಜಿ ಒಪ್ಪಿಗೆಯಾಯಿತು, ಫೋನಿನಲ್ಲಿ ಸಂದರ್ಶನವೂ ಮುಗಿಯಿತು. ಉಳಿದದ್ದು ಒಂದೇ, ಮನೆ ನೋಡಲು ಬರುವುದು. ಇದು ತಪ್ಪಿದರೆ ನನ್ನ ಸೀಟು ಹೋದಂತೆಯೇ. ನಾನಾಗ ಮಡಕಶಿರಾದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಲ್ಲಿಂದ ದಿನವೂ ಫೋನು ಮಾಡಿ ಬಾಯಿ ನೋಯುವಷ್ಟು ಹೇಳಿದೆ: ಅಪ್ಪಾ, ಅವರು ಇಲ್ಲದವರಿಗೇ ಕೊಡುವುದು, ಮನೆ ಹೇಗಿದೆಯೋ ಹಾಗೇ ಇರಲಿ. ಅಪ್ಪ ಪ್ರತಿ ಸಲವೂ “ಹೂನವ್ವ, ಹೂನವ್ವ” ಅಂದ. ಮೇಡಂ ಬರುವ ದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಹಾಳಾದ್ದು ಕಲ್ಯಾಣದುರ್ಗ ದಾಟುತ್ತಲೇ ಪಂಕ್ಚರ್ ಆಗಿ ನಿಂತಿತು.

ನಮ್ಮ ಓಣಿಯಲ್ಲೊಂದು ಪದ್ಧತಿ ಇದೆ. ಯಾರ ಮನೆಗಾದರೂ ಹೆಣ್ಣು ನೋಡಲು ಬರುತ್ತಾರೆಂದರೆ ಓಣಿಯವರೆಲ್ಲ ಸೇರಿ ಆ ಮನೆಯನ್ನು ತುಂಬಿಸಿ ಕೊಡುತ್ತಾರೆ. ಯಾರೂ ಕೇಳಬೇಕಾಗಿಲ್ಲ. ಒಬ್ಬರು ಸೋಫಾ ಹೊತ್ತು ತರುತ್ತಾರೆ, ಇನ್ನೊಬ್ಬರು ಹಿತ್ತಾಳೆ ಕೊಡಗಳನ್ನು ಸಾಲಾಗಿ ಜೋಡಿಸುತ್ತಾರೆ, ಕುರಿ ಇರುವವರು ಆ ಮನೆಯ ರೊಪ್ಪಕ್ಕೆ ತಮ್ಮ ಕುರಿ ಹೊಡೆದು ಬಾಗಿಲು ಹಾಕುತ್ತಾರೆ. ಗಂಡಿನವರಿಗೂ ಇದು ಗೊತ್ತಿರುತ್ತದೆ, ಅವರೂರಿನಲ್ಲೂ ಇದೇ ತಾನೆ ನಡೆಯುವುದು! ಇದನ್ನು ಸುಳ್ಳು ಅಂತ ಯಾರೂ ಕರೆಯುವುದಿಲ್ಲ, ಮರ್ಯಾದೆ ಅನ್ನುತ್ತಾರೆ. ಸಂಜೆಗೆಲ್ಲ ಸಾಮಾನು ಅವರವರ ಮನೆ ಸೇರುತ್ತದೆ.

ಆ ಮರ್ಯಾದೆಯನ್ನು ಇವರು ನನ್ನ ತಲೆಯ ಮೇಲೆ ತಂದು ಹಾಕಿದ್ದರು.

ಅವ್ವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಯಾವಾಗಲೂ ಅಲ್ಲಿರುವ ಅವಳ ಹೊಲಿಗೆ ಮಿಷನ್ನು ಇರಲಿಲ್ಲ. ಕಿಟಕಿಯಿಂದ ನೋಡಿದರೆ ಹಿತ್ತಲಿನಲ್ಲಿ ಗೋಣಿಚೀಲ ಹೊದ್ದು ಕೂತಿತ್ತು.

“ಏನವ್ವ ಇದೆಲ್ಲ? ತಲೆ ಕೆಟ್ಟಿದೆಯಾ ನಿಮಗೆ?”

“ಸುಮ್ಕಿರೇ, ಕೇಳುಸ್ತದೆ. ಬ್ಯಾಂಕಿನೋರು ಏನೂ ಇಲ್ಲ ಅಂತ ವಾಪಸು ಕಳುಸ್ಲಿಲ್ವಾ? ಈ ಸಲ ಹಂಗಾಗ್ಬಾರ್ದು ಅಂತ ನಿಮ್ಮಪ್ಪ ಎರಡು ದಿನದಿಂದ ಓಡಾಡವ್ರೆ.”

“ಇವರು ಇಲ್ಲದವರಿಗೆ ಕೊಡೋರು ಅಂತ ಹೇಳಿದ್ನಲ್ಲವ್ವ!”

“ಹಂಗೆ ಹೇಳ್ತಾರೆ ಕಣೆ ಎಲ್ರೂವೆ. ಇಲ್ದೋರಿಗೆ ಯಾರು ಕೊಡ್ತಾರೆ?” ಎಂದು ನನ್ನ ತೋಳು ಚಿವುಟಿ, ಯಾರದೋ ಪಿಂಗಾಣಿ ಬಟ್ಟಲಿನಲ್ಲಿ ಟೀ ಹಿಡಿದು ಹೊರಗೆ ಹೋದಳು. ಸಿಟ್ಟಿನಲ್ಲಿ ಆ ಫ್ರಿಜ್ಜಿಗೆ ಜಾಡಿಸಿ ಒದೆಯಬೇಕೆನ್ನಿಸಿತು. ಒದೆಯಲಿಲ್ಲ. ಒದ್ದು ಸೊಟ್ಟಗಾದರೆ ಅದಕ್ಕೂ ನಾವೇ ತೆರಬೇಕಲ್ಲ!

ಹೊರಗೆ ಮೇಡಂ ಕೇಳುತ್ತಿದ್ದರು. “ಈ ಬೈಕು ನಿಮ್ಮದೇನಾ?”

“ಹೌದ್ರಿ, ನಮ್ದ.”

“ಫ್ರಿಜ್ಜು?”

“ಅದೂ ನಮ್ದ ರೀ. ಹ್ವಾದ ವರ್ಷ ತಂದೀವಿ.”

ನನಗೆ ಕಿವಿ ನಂಬಲಾಗಲಿಲ್ಲ. ಕೂಲಿ ಕೊಡುವವರು ಹೆಚ್ಚಿಗೆ ಕೊಟ್ಟರೆ ಎಣಿಸಿ ಹಿಂದಕ್ಕೆ ಕೊಟ್ಟು ಬರುವ ಮನುಷ್ಯ, ಬಿಳಿ ಪಂಚೆ ಉಟ್ಟು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದಾನೆ. ನಾನು ಮುಂದೆ ಬಂದು, “ಮೇಡಂ, ಇದ್ಯಾವುದೂ ನಮ್ಮದಲ್ಲ” ಅಂದೆ. ಬಾಗಿಲಲ್ಲಿ ಗುಂಪುಗೂಡಿದ್ದ ಓಣಿಯ ಹೆಂಗಸರೆಲ್ಲ ಒಂದೇ ಸಲ ನನ್ನ ಕಡೆ ತಿರುಗಿದರು. ಅಪ್ಪ ನಗುತ್ತಾ, “ಹುಡಿಗಿ ನಾಚ್ಕೊಂಡು ಹಂಗ ಅಂತಾಳ್ರಿ. ಜಂಬ ಕೊಚ್ಚಿಕೊಳ್ಳೂ ಮಂದಿ ಅಲ್ರಿ ನಾವು” ಅಂದುಬಿಟ್ಟ. ಹೆಂಗಸರು “ಹೌದ್ರಿ, ಹೌದ್ರಿ” ಎಂದು ತಲೆ ಆಡಿಸಿದರು. 

ನಾನು ಬಿಡಿಸಿ ಹೇಳುವಷ್ಟರಲ್ಲಿ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ದಣಿವಿತ್ತು. “ನೋಡಿ ಸಂತೋಷ ಆಯ್ತು. ನಮ್ಮ ಸಹಾಯ ನಿಮಗೆ ಬೇಕಾಗಲಿಕ್ಕಿಲ್ಲ ಅನ್ಸುತ್ತೆ, ಬರ್ತೀನಿ” ಎಂದು ಎದ್ದರು. ಅಪ್ಪನಿಗೆ ಆ ಮಾತು ಹೊಗಳಿಕೆಯಾಗಿ ಕೇಳಿರಬೇಕು.

“ಹಂಗ ಹೋಗಬ್ಯಾಡ್ರಿ, ನಮ್ಮ ಕುರಿ ಒಂದು ನೋಡಿ ಹೋಗ್ರಿ. ಬರ್ರಿ, ಬರ್ರಿ.”

ರೊಪ್ಪದ ತುಂಬ ಕುರಿ. ನಿಲ್ಲಲು ಜಾಗವಿಲ್ಲದೆ ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಹೊತ್ತು ಏರಿದರೂ ಮೇಯಲು ಬಿಟ್ಟಿರಲಿಲ್ಲ. ಅದು ಹೋಗಲಿ, ಅವುಗಳಲ್ಲಿ ಮುಕ್ಕಾಲು ಪಾಲು ಎಳೆಮರಿಯ ತಾಯಂದಿರು. ಮರಿಗಳನ್ನೆಲ್ಲ ಅವರವರ ಮನೆಯಲ್ಲೇ ಬುಟ್ಟಿ ಕವುಚಿ ಬಿಟ್ಟು ಬಂದಿದ್ದರು. ಓಣಿಯ ಈ ತುದಿಯಿಂದ ಆ ತುದಿಯವರೆಗೂ ಮರಿಗಳು ಹಸಿದು ಕೂಗುತ್ತಿದ್ದವು. ಜನ್ಮವೆಲ್ಲ ಕುರಿ ಕಾಯ್ದ ಮನುಷ್ಯನಿಗೆ ಅದು ಕೇಳಿಸದೇ ಹೋಯಿತೇ? ಇವತ್ತಿಗೂ ನನಗೆ ಆಶ್ಚರ್ಯ. ಅಪ್ಪ ದೊಡ್ಡ ಸಾಹುಕಾರನ ಗತ್ತಿನಲ್ಲಿ ರೊಪ್ಪದ ಬಾಗಿಲಿಗೆ ಅಡ್ಡವಿಟ್ಟ ಮುಳ್ಳಿನ ಪಡಕನ್ನು ಎತ್ತಿ ಪಕ್ಕಕ್ಕೆ ಹಿಡಿದ.

ಅಯ್ಯೋ ದೇವರೇ! ಕಟ್ಟೆ ಒಡೆದ ಹಾಗೆ ನುಗ್ಗಿದವು. ಮೇಡಂ ಗೋಡೆಗೆ ಅಂಟಿಕೊಂಡು ನಿಂತರು. ಕುರಿಗಳು ಓಣಿಗೆ ಬಂದದ್ದೇ ತಡ, ಎರಡು ಎದುರು ಮನೆಗೆ, ನಾಲ್ಕು ಬೇವಿನ ಮರದ ಮನೆಗೆ, ಒಂದು ಹಿಂಡು ಮೂಲೆ ಮನೆಗೆ, ಹೀಗೆ ಯಾರೂ ಹೇಳಿಕೊಡದೆಯೇ ಹಂಚಿಹೋದವು. ಕ್ಷಣದಲ್ಲಿ ಮರಿಗಳ ಕೂಗು ನಿಂತಿತು.

“ಎಲ್ಲಿಗೆ ಹೋಗ್ತಿವೆ ಇವೆಲ್ಲ?” ಮೇಡಂ ಕೇಳಿದರು.

“ಅವುರವುರ ಮನೀಗ್ರೀ” ಎದುರು ಮನೆಯ ದೊಡ್ಡಮ್ಮ ಬಾಯಿತಪ್ಪಿ ಅಂದು, ನಾಲಿಗೆ ಕಚ್ಚಿಕೊಂಡಳು.

ರೊಪ್ಪದಲ್ಲಿ ನಮ್ಮವಷ್ಟೇ ಉಳಿದವು, ನಾಲ್ಕು ಬಡಕಲು ಕುರಿ ಮತ್ತು ಒಂದು ಕುಂಟ ಟಗರು.  ನಗು ಬರುವಂಥದ್ದೇ, ಆದರೆ ಅಪ್ಪನ ಮುಖ ನೋಡಿ ನಗಲಾಗಲಿಲ್ಲ. ಪಡಕನ್ನು ಹಿಡಿದ ಕೈಗೆ ಮುಳ್ಳು ಚುಚ್ಚಿ ರಕ್ತ ಬರುತ್ತಿದ್ದರೂ ಬಿಟ್ಟಿರಲಿಲ್ಲ.

“ಯಾಕೆ ಹೀಗೆ ಮಾಡಿದ್ರಿ?” ಮೇಡಂ ಮೆಲ್ಲಗೆ ಕೇಳಿದರು.

“ಏನ್ ಐತಿ ತೋರ್ಸು ಅಂತಾರಲ್ರಿ ಎಲ್ಲಾರೂ. ನಮ್ಮತ್ರ ಏನೂ ಇಲ್ರಿ. ಇಲ್ಲ ಅಂದ್ರ ನೀವೂ ಹೋಗ್ಬಿಡ್ತಿದ್ರಿ.”

“ಇಲ್ಲದೋರಿಗೆ ಮಾತ್ರ ನಾವು ಕೊಡೋದು. ಇದ್ದವರಿಗೆ ಕೊಡಲ್ಲ.”

ಅಪ್ಪ ನನ್ನ ಕಡೆ ತಿರುಗಿದ. “ಖರೇನಾ ಯವ್ವಾ?”

“ಎಷ್ಟು ಸಲ ಹೇಳ್ಲಿ ಅಪ್ಪಾ ನಿನಗೆ!” ನನಗೆ ಅಳು ಬಂದುಬಿಟ್ಟಿತು.

“ನೀ ಹೇಳಿದ್ದಿ. ನಾನ ನಂಬಲಿಲ್ಲ.”

ಆಮೇಲೆ ಅವನು ಮಾಡಿದ್ದನ್ನು ನಾನು ಎಂದೂ ಮರೆಯುವುದಿಲ್ಲ. ಮೇಡಂ ಅವರನ್ನು ಮತ್ತೆ ಒಳಗೆ ಕರೆದ. ಓಣಿಯ ಜನರೆಲ್ಲರ ಎದುರಿಗೆ ಒಂದೊಂದನ್ನೇ ಮುಟ್ಟಿ, ಇದು ಎದುರು ಮನೆಯವರದು, ಇದು ಮೂಲೆ ಮನೆಯವರದು ಎಂದು ಹೇಳುತ್ತಾ ಹೋದ. ಮರದ ಪೆಟ್ಟಿಗೆ ತೆಗೆದು ತೋರಿಸಿದ, ಅದರಲ್ಲಿ ಅವ್ವನ ಎರಡು ಸೀರೆ. ಅಕ್ಕಿ ಡಬ್ಬಿ ಬಗ್ಗಿಸಿ ತಳ ತೋರಿಸಿದ. ನಾಲ್ಕು ಜನರೆದುರು ಹರಿದ ಅಂಗಿ ತೊಡಲು ನಾಚುತ್ತಿದ್ದ ಮನುಷ್ಯ, ನಮ್ಮ ಮನೆಯ ಇಲ್ಲದ್ದನ್ನೆಲ್ಲ ಬೆಳಕಿಗೆ ಹಿಡಿದು ತೋರಿಸುತ್ತಿದ್ದ. ಅವ್ವ ಗೋಡೆ ಕಡೆ ತಿರುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಕೊನೆಗೆ ತಾನೇ ಹಿತ್ತಲಿಗೆ ಹೋಗಿ ಮಿಷನ್ನಿನ ಮೇಲಿನ ಗೋಣಿಚೀಲ ಎಳೆದುಹಾಕಿದಳು. “ಇದೊಂದು ನಂದು, ನೋಡ್ಕಳಿ” ಅಂದಳು.

ಮೇಡಂ ಹೊರಡುವಾಗ, “ನಾನು ಕಂಡದ್ದನ್ನೆಲ್ಲ ಬರೀಬೇಕು, ಮೊದಲು ಹೇಳಿದ ಸುಳ್ಳೂ ಸೇರಿ. ತೀರ್ಮಾನ ನನ್ನೊಬ್ಬಳದಲ್ಲ” ಅಂದರು. ಸಂಜೆ ಓಣಿಯವರು ತಲೆ ತಗ್ಗಿಸಿಕೊಂಡು ಬಂದು ಅವರವರ ಸಾಮಾನು ಒಯ್ದರು. ಸೋಫಾದವರಂತೂ ತಪ್ಪೆಲ್ಲ ತಮ್ಮ ಸೋಫಾದ್ದೇ ಎಂಬಂತೆ ಬೇಸರಪಟ್ಟುಕೊಂಡರು. ನಾನು ಯಾರ ಹತ್ತಿರವೂ ಮಾತಾಡದೆ ಮಡಕಶಿರಾಕ್ಕೆ ಹೋದೆ. ಸೀಟು ಕೈಬಿಟ್ಟಿತೆಂದೇ ಲೆಕ್ಕ ಹಾಕಿ ಮಕ್ಕಳಿಗೆ ಸಿಡಿಸಿಡಿ ಅನ್ನುತ್ತಾ ಪಾಠ ಹೇಳಿದೆ. ಅಪ್ಪನ ಫೋನು ಬಂದರೆ ಎತ್ತುತ್ತಿರಲಿಲ್ಲ.

ದಸರೆಗೆ ಶಾಲೆ ಬಿಟ್ಟಾಗ, ಅವ್ವ ಹೇಳಿಕಳಿಸಿದಳೆಂದು ಮನೆಗೆ ಹೋಗಿದ್ದೆ. ಮಧ್ಯಾಹ್ನ ಉಣ್ಣಲು ಕೂತಿದ್ದಾಗ ಅಪ್ಪನ ಫೋನಿಗೆ ಕರೆ ಬಂತು. ಅದೇ ಮೇಡಂ. ಅಪ್ಪ ಎಂಜಲು ಕೈ ಮೇಲೆತ್ತಿಕೊಂಡು, ಎಡಗೈಯಲ್ಲಿ ಸ್ಪೀಕರ್ ಒತ್ತಿದ. ನಿಮ್ಮ ಮಗಳಿಗೆ ಮಂಜೂರಾಗಿದೆ, ಪೂರ್ತಿ ಖರ್ಚು, ಅಂದರು. ಈ ಸಲದ ತರಗತಿ ಶುರುವಾಗಿಬಿಟ್ಟಿದ್ದರೂ, ತಾವು ಬರೆದು ಕೇಳಿದ್ದಕ್ಕೆ ವಿಶ್ವವಿದ್ಯಾಲಯದವರು ವಸಂತದ ತರಗತಿಗೆ ಸೇರಿಸಿಕೊಳ್ಳಲು ಒಪ್ಪಿದ್ದಾರೆ ಎಂದೂ ಹೇಳಿದರು. ನಾನು ತಟ್ಟೆ ಬಿಟ್ಟು ಎದ್ದು ನಿಂತೆ. ಅವ್ವ ಅನ್ನದ ಸೌಟನ್ನು ಹಿಡಿದುಕೊಂಡೇ ನಿಂತಳು. ಅಪ್ಪ ಮಾತ್ರ ಸಂತೋಷವನ್ನೇನೂ ತೋರಿಸಲಿಲ್ಲ. ಹುಬ್ಬು ಗಂಟು ಹಾಕಿಕೊಂಡು ಫೋನಿನ ಹತ್ತಿರ ಬಾಯಿ ತಂದ.

“ಮೇಡಮ್ಮಾರ, ಇನ್ನೊಮ್ಮೆ ಸರಿಯಾಗಿ ನೋಡ್ರಿ. ಬ್ಯಾರೆ ಯಾರದರ ಮನೀದು ಇರಬೇಕದು.”

ಆ ಕಡೆ ಮೇಡಂ, “ಇಲ್ಲ, ನಿಮ್ಮದೇ” ಅಂದರು. ಅವನು ನಂಬಲಿಲ್ಲ. ನನ್ನ ಹೆಸರು, ಊರು, ತನ್ನ ಹೆಸರು, ತನ್ನ ಅಪ್ಪನ ಹೆಸರು ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸಿದ. ಅವರು ತಾಳ್ಮೆಯಿಂದ ಹೇಳಿದರು. ಪ್ರತಿ ಹೆಸರಿಗೂ “ಹೌದ್ರಿ” ಅನ್ನುತ್ತಾ ಹೋದಂತೆ ಅಪ್ಪನ ದನಿ ಸಣ್ಣಗಾಯಿತು. ಕೊನೆಯ ಹೆಸರಿಗೆ ಬರೇ ತಲೆ ಆಡಿಸಿದ.