ಎಣ್ಣೆ ಕಲೆಯ ಅಡಿಟಿಪ್ಪಣಿ

ಬೆಳಗಿನ ಐದೂವರೆ. ಊಟದ ಮೇಜಿನ ಮೇಲೆ ಮೈದಾ ಅಂಟಿನ ಬಟ್ಟಲು, ಕತ್ತರಿ, ಅಚ್ಚಾದ ಪುಟ್ಟ ಚೀಟಿಗಳು. ಎಂಬತ್ತೊಂದರ ಹಿರಿಯ ಪಾದ್ರಿ ಕನ್ನಡಕ ಹಣೆಗೇರಿಸಿ ಚೀಟಿಯ ಅಂಚು ಕತ್ತರಿಸುತ್ತಿದ್ದಾರೆ.

“ಅಣ್ಣಾ, ಅಂಟನ್ನ ಗಂಜಿ ಪಕ್ಕ ಇಡಬೇಡ. ಹೋದ ವಾರ ಅದನ್ನೇ ಕುಡಿದು, ಉಪ್ಪು ಕಮ್ಮಿ ಅಂದೆ,” ಎನ್ನುತ್ತಾರೆ ತಂಗಿ.

ಆಂಗ್ಲಿಕನ್ ಕ್ರೈಸ್ತ ಸಭೆಯಲ್ಲಿ ಬಿಷಪ್ಪರ ಬಲಗೈಯಂತಿದ್ದು ನಿವೃತ್ತರಾದವರು ಇವರು. ನಲವತ್ತಾರು ವರ್ಷದ ಸೇವೆ, ನಾಲ್ಕು ಪ್ರಾಚೀನ ಭಾಷೆ, ಆರು ಪುಸ್ತಕ. ದೊಡ್ಡ ಹೆಸರು ತಂದದ್ದು ಐದನೆಯದು. ಹಿಂದಿನ ಕಾಲದ ಪಾದ್ರಿಯೊಬ್ಬರು ಮಾಡಿದರೆನ್ನಲಾದ ಕೀರ್ತನೆಗಳ ಅನುವಾದದ ಮೇಲೆ ಹತ್ತೊಂಬತ್ತು ವರ್ಷ ಕೂತು ಬರೆದದ್ದು. ಅದರಲ್ಲೊಂದು ಅಡಿಟಿಪ್ಪಣಿ: ಅನುವಾದದ ಕೈಬರಹದ ಕರಡು ಹಾಳೆಗಳು ಎಣ್ಣೆಯಾಗಿರುವುದಕ್ಕೆ ಆ ಪಾದ್ರಿಯ ಅಡುಗೆಯವನ ಅಜ್ಞಾನವೇ ಕಾರಣ.

ಆರು ವರ್ಷದ ಹಿಂದೆ ಶಾಲೆಯ ಟೀಚರೊಬ್ಬರು ಬಾಗಿಲು ತಟ್ಟಿದರು. ಆ ಅಡುಗೆಯವನ ಮೊಮ್ಮಗಳು. ಕೈಯಲ್ಲಿ ತಾತನ ಅಡುಗೆ ಪುಸ್ತಕ. ಕರಡು ಹಾಳೆಗಳಲ್ಲಿದ್ದ ಅಕ್ಷರ ಅದೇ, ಕಾಟು ಹೊಡೆದು ತಿದ್ದುವ ರೀತಿಯೂ ಅದೇ. ಅನುವಾದ ಅಡುಗೆಯವನದು! ಒಲೆ ಮುಂದೆ ಕೂತು ಬರೆದವನ ಹಾಳೆಗೆ ಎಣ್ಣೆ ಸಿಡಿಯದೆ ಗಂಧ ಸಿಡಿಯುತ್ತದೆಯೇ?

“ನಾಲ್ಕು ಭಾಷೆ ಕಲಿತಿದ್ದೆ. ಒಗ್ಗರಣೆ ಹೇಗೆ ಸಿಡಿಯುತ್ತೆ ಅಂತ ಗೊತ್ತಿರಲಿಲ್ಲ,” ಎನ್ನುತ್ತಾರೆ ಪಾದ್ರಿ.

ಮರುಮುದ್ರಣದಲ್ಲಿ ಸರಿಪಡಿಸಿದರಾಯಿತು ಎಂದರು ಬಿಷಪ್ಪರು. ಇವರು ಒಪ್ಪಲಿಲ್ಲ. “ಅಚ್ಚಾದ ಮುನ್ನೂರು ಪ್ರತೀಲಿ ತಪ್ಪು ಹೋಗಿದ್ದು ಮುನ್ನೂರು ಕಡೆ. ತಿದ್ದೋದು ಮಾತ್ರ ಕೂತಲ್ಲೇನಾ?” ಮುದ್ರಕರಿಂದ ಪ್ರತಿ ಕೊಂಡವರ ವಿಳಾಸಗಳ ಪಟ್ಟಿ ತಂದರು. ಅಂದಿನಿಂದ ವಾರಕ್ಕೆರಡು ದಿನ ಏಳರ ಬಸ್ಸು. ಗ್ರಂಥಾಲಯ, ಕಾಲೇಜು, ಯಾರದೋ ಮನೆಯ ಅಟ್ಟ. ಹಳೇ ಟಿಪ್ಪಣಿಯ ಮೇಲೆ, ಅನುವಾದ ಅಡುಗೆಯವನದೇ ಎಂದು ಅಚ್ಚಾದ ಚೀಟಿ ಅಂಟಿಸಿ, ಅಂಗೈಯಲ್ಲಿ ಒತ್ತಿ ಹಿಡಿದು, ಮನಸ್ಸಿನಲ್ಲೇ ನೂರು ಎಣಿಸುತ್ತಾರೆ. ಒಬ್ಬ ಗ್ರಂಥಪಾಲಕ, ಪುಸ್ತಕ ಹಾಳುಮಾಡುವ ಮುದುಕನೆಂದು ಹೊರಗೆ ಕಳಿಸಿದ್ದೂ ಉಂಟು. “ಬರೆದೋನು ನಾನೇ ಅಂದೆ. ‘ಎಲ್ಲರೂ ಹಾಗೇ ಹೇಳ್ತಾರೆ’ ಅಂದ!”

ಮುನ್ನೂರರಲ್ಲಿ ಇನ್ನೂರ ಎಂಬತ್ತೇಳು ಮುಗಿದಿವೆ. ಉಳಿದದ್ದು ಹದಿಮೂರು, ಮಂಡಿ ಮಾತ್ರ ಈಗೀಗ ಮೆಟ್ಟಿಲು ಕಂಡರೆ ಮುನಿಯುತ್ತದೆ. “ಪೋಸ್ಟಲ್ಲಿ ಕಳಿಸಿಬಿಡು,” ಎಂದು ತಂಗಿ ಗದರುವುದು ನಿತ್ಯದ ಪ್ರಾರ್ಥನೆಯಷ್ಟೇ ಕ್ರಮಬದ್ಧ.

ಮುನ್ನೂರನೆಯ ಪ್ರತಿ ಟೀಚರ್ ಮನೆಯಲ್ಲಿದೆ. ಮೊದಲ ಚೀಟಿ ಅದಕ್ಕೇ ಅಂಟಿಸುತ್ತೇನೆಂದಾಗ ಅವರು ಅದನ್ನು ಮುಟ್ಟಗೊಡಲಿಲ್ಲ. “ಊರಿಗೆಲ್ಲ ಹೇಳಿ ಬನ್ನಿ ಫಾದರ್. ನಮ್ಮನೇದು ಕೊನೇಲಿ,” ಅಂದಿದ್ದರು.

ಪಾದ್ರಿ ಒಂದು ಚೀಟಿಯನ್ನು ಬೇರೆಯಾಗಿ ಬೈಬಲಿನಲ್ಲಿಟ್ಟಿದ್ದಾರೆ. ಉಳಿದವನ್ನು ಚೀಲಕ್ಕೆ ತುಂಬಿ ಎದ್ದು ನಿಲ್ಲುತ್ತಾರೆ.

“ಅವರ ಮನೆಗೆ ಹೋಗೋ ದಿನ ಮುಂಬಾಗಿಲು ಬೇಡ,” ಎನ್ನುತ್ತಾರೆ ಚಪ್ಪಲಿ ಮೆಟ್ಟುತ್ತ. “ಅಡುಗೆಮನೆ ಬಾಗಿಲಿಂದಲೇ ಹೋಗ್ತೀನಿ. ಅನುವಾದಕರ ಕೋಣೆ ಅದು.”